ಡಾರ್ಕ್‌ಥ್ರೋನ್‌ನ ಎರಡನೇ ಆಲ್ಬಂ: ಸದ್ದು ಯಾಕಿಷ್ಟು ತೆಳು?

ಮೈಸೂರು_ಡ್ರಮ್ಸ್
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಡೆತ್ ಮೆಟಲ್, ಅಂದರೆ ದಪ್ಪ ಗಿಟಾರ್ ಸದ್ದು, ಗುರುಗುಟ್ಟುವ ದನಿಯ ರಾಕ್ ಸಂಗೀತ, ಕೇಳುತ್ತಿದ್ದೇನೆ. ನಾರ್ವೆಯ ಡಾರ್ಕ್‌ಥ್ರೋನ್‌ನ ಮೊದಲ ಆಲ್ಬಂ ‘ಸೋಲ್‌ಸೈಡ್ ಜರ್ನಿ’ ತುಂಬಾ ಹಿಡಿಸಿತು. ಆಮೇಲೆ ಎರಡನೆಯದು, ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ ಹಾಕಿದೆ. ಅದೇ ಬ್ಯಾಂಡ್ ಅಂತ ನಂಬಲಿಕ್ಕೇ ಆಗಲಿಲ್ಲ. ಬೇಸ್ ಕೇಳಿಸುವುದೇ ಕಷ್ಟ, ಗಿಟಾರ್ ಬರೀ ಚರಚರ ಅನ್ನುತ್ತದೆ. ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡು ತಂಗಿಯದ್ದು ಹಾಕಿಕೊಂಡು ಕೇಳಿದೆ. ಅದರಲ್ಲೂ ಅಷ್ಟೇ. ದುಡ್ಡಿಲ್ಲದೆ ಹೀಗಾಯಿತಾ, ಇಲ್ಲ ಬೇಕಂತಲೇ ಮಾಡಿದ್ದಾ?

ಹಾಸನ್_ರಿಫ್
ಇಯರ್‌ಫೋನ್ ಸರಿಯಾಗಿದೆ, ಆಲ್ಬಂ ಇರುವುದೇ ಹಾಗೆ. ನನಗೂ ಮೊದಲ ಸಲ ತಲೆನೋವು ಬಂದಿತ್ತು. ಸಾಗರದ ಅಣ್ಣ ಬಂದು ಪೂರ್ತಿ ಹೇಳಲಿ.

ಸಾಗರದ_ಮಳೆ
ಬೇಕಂತಲೇ ಮಾಡಿದ್ದು. ಈ ಆಲ್ಬಂ ಬಗ್ಗೆ ಯಾರು ಕೇಳಿದರೂ ನನಗೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಇವರಿಗೆ ದಪ್ಪ ಸದ್ದು ಮಾಡಲು ಬರುತ್ತಿರಲಿಲ್ಲ ಅಂತಲ್ಲ. ನಿಮಗೆ ಹಿಡಿಸಿದ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ. ಆಗಿನ ಸ್ವೀಡಿಷ್ ಡೆತ್ ಮೆಟಲ್‌ಗೆ ಹೆಸರಾದ ಜಾಗ ಅದು. 1991ರ ಶುರುವಿನಲ್ಲಿ ಆಲ್ಬಂ ಹೊರಗೆ ಬಂತು. ಮುಂದಿನದಕ್ಕೂ ಡೆತ್ ಮೆಟಲ್ ಹಾಡುಗಳೇ ತಯಾರಾಗಿದ್ದವು. ಹುಡುಗರು ಅದನ್ನೆಲ್ಲ ಪಕ್ಕಕ್ಕೆ ಇಟ್ಟುಬಿಟ್ಟರು. ಬಾಥರಿ, ಸೆಲ್ಟಿಕ್ ಫ್ರಾಸ್ಟ್ ಬ್ಯಾಂಡ್‌ಗಳ ಹಳೆಯ ಒರಟು ಸದ್ದಿನ ಕಡೆ, ಅಂದರೆ ಬ್ಲ್ಯಾಕ್ ಮೆಟಲ್ ಕಡೆ, ಮನಸ್ಸು ತಿರುಗಿತ್ತು. ಬೇಸ್ ನುಡಿಸುತ್ತಿದ್ದ ಡಾಗ್ ನಿಲ್ಸೆನ್‌ಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಬ್ಯಾಂಡ್ ಬಿಟ್ಟ. ಆದರೂ ರೆಕಾರ್ಡಿಂಗ್‌ಗೆ ಬಂದು ನುಡಿಸಿಕೊಟ್ಟು ಹೋದ. ಅದು ದೊಡ್ಡ ಗುಣ ಅಂತ ನನಗೆ ಅನ್ನಿಸುತ್ತದೆ.

1991ರ ಆಗಸ್ಟ್‌ನಲ್ಲಿ ಓಸ್ಲೋ ಪಕ್ಕದ ಕೋಲ್‌ಬಾಟ್ನ್‌ನ ಕ್ರಿಯೇಟಿವ್ ಸ್ಟುಡಿಯೋಸ್‌ಗೆ ಹೋದರು. 1987ರಲ್ಲಿ ನಾರ್ವೆಯದೇ ಇನ್ನೊಂದು ಬ್ಯಾಂಡ್ ಮೇಹೆಮ್ ‘ಡೆತ್‌ಕ್ರಷ್’ ರೆಕಾರ್ಡ್ ಮಾಡಿದ್ದೂ ಅಲ್ಲೇ. ಟೇಪ್ ಇಂಗ್ಲೆಂಡಿನ ಪೀಸ್‌ವಿಲ್ ಕಂಪನಿಗೆ ಹೋಯಿತು. ಅವರು ಕಾಯುತ್ತಿದ್ದದ್ದು ಇನ್ನೊಂದು ಡೆತ್ ಮೆಟಲ್ ಆಲ್ಬಂಗೆ. ಸದ್ದು ತೆಳುವಾಯಿತು, ಮತ್ತೆ ಮಿಕ್ಸ್ ಮಾಡೋಣ ಅಂದರು. ಬ್ಯಾಂಡ್ ಆಗುವುದಿಲ್ಲ ಅಂದಿತು. ನೀವು ತರದಿದ್ದರೆ ಮೇಹೆಮ್‌ನ ಯೂರಾನಿಮಸ್ ನಡೆಸುವ ಡೆತ್‌ಲೈಕ್ ಸೈಲೆನ್ಸ್ ಕಂಪನಿ ಮೂಲಕ ತರುತ್ತೇವೆ ಅಂತಲೂ ಹೇಳಿತು. ಕೊನೆಗೆ ಕಂಪನಿಯೇ ಒಪ್ಪಿ 1992ರ ಫೆಬ್ರವರಿಯಲ್ಲಿ ಹೊರತಂದಿತು.

ರೆಕಾರ್ಡಿಂಗ್ ಹೊತ್ತಿಗೆ ಡ್ರಮ್ಮರ್ ಫೆನ್‌ರಿಜ್‌ಗೂ ಹಾಡುವ ನಾಕ್ಟರ್ನೊ ಕುಲ್ಟೊಗೂ 19 ವರ್ಷ. ಇದು ನನ್ನ ಎದೆಗೆ ತಾಕುವ ವಿಷಯ. ನನಗೆ 22 ಇದ್ದಾಗ ನಮ್ಮ ಬ್ಯಾಂಡ್‌ನ ಮೂರು ಹಾಡು ರೆಕಾರ್ಡ್ ಮಾಡಿಸಿದ್ದೆವು. ಸ್ಟುಡಿಯೋದವರು ನಮ್ಮನ್ನು ಕೇಳದೆ ಡ್ರಮ್ಸ್ ತೆಗೆದು ಕಂಪ್ಯೂಟರ್ ಡ್ರಮ್ಸ್ ಕೂರಿಸಿದ್ದರು. ನಾವು ನಾಲ್ಕೂ ಜನ ಸೋಫಾ ಮೇಲೆ ಕೂತು ಕೇಳಿದೆವು. ನಮ್ಮ ಡ್ರಮ್ಮರ್ ತನ್ನ ಕೋಲುಗಳನ್ನು ನೋಡುತ್ತಾ ಕೂತಿದ್ದ. ಒಬ್ಬರೂ ಬಾಯಿ ಬಿಡಲಿಲ್ಲ. ‘ಚೆನ್ನಾಗಿದೆ ಸರ್’ ಅಂದು ದುಡ್ಡು ಕೊಟ್ಟು ಬಂದೆವು. ಆ ಸಿ.ಡಿ. ಇವತ್ತಿಗೂ ನನ್ನ ಕಪಾಟಿನಲ್ಲಿದೆ, ಹಾಕಲು ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ. ಇದನ್ನು ಅಪ್ಪಟ ಬ್ಲ್ಯಾಕ್ ಮೆಟಲ್ ಅಂತ ಪೂಜೆ ಮಾಡುವವರು ಜಾಸ್ತಿ. ಆದರೆ ಉಳಿದುಹೋದ ಡೆತ್ ಮೆಟಲ್ ರಿಫ್‌ಗಳು, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು, ಇದರೊಳಗೆ ಬೇಕಾದಷ್ಟಿವೆ. ‘ಪ್ಯಾರಗನ್ ಆಫ್ ಬೀಲಿಯಲ್’ ಕೇಳಿ, ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಳೆಯ ಬಟ್ಟೆಗೆ ಹೊಸ ಬಣ್ಣ ಹಾಕಿದರೂ ಹೊಲಿಗೆ ಕಾಣುತ್ತದಲ್ಲ, ಹಾಗೆ. ನನಗೆ ಈ ಆಲ್ಬಂ ಇಷ್ಟವಾಗುವುದೇ ಆ ಹೊಲಿಗೆಗಾಗಿ. ಒಂದು ಬ್ಯಾಂಡ್ ಮನಸ್ಸು ಬದಲಾಯಿಸುವುದು ಅಲ್ಲಿ ನೇರವಾಗಿ ಕೇಳಿಸುತ್ತದೆ.

ಕೇಳುವಾಗ ವಾಲ್ಯೂಮ್ ಸ್ವಲ್ಪ ಕಡಿಮೆ ಇಡಿ. ನಮ್ಮ ಮನೆಯ ಕೊಟ್ಟಿಗೆಗೆ ತಗಡಿನ ಮಾಡು. ಆಷಾಢದಲ್ಲಿ ಮಳೆ ಬಿದ್ದರೆ ಮೊದಲು ಬರೀ ಗದ್ದಲ. ಹತ್ತು ನಿಮಿಷ ಕೂತರೆ ಎಲ್ಲಿ ನೀರು ಬಕೆಟ್ಟಿಗೆ ಬೀಳುತ್ತಿದೆ, ಎಲ್ಲಿ ಬಾಳೆಎಲೆಗೆ ಬೀಳುತ್ತಿದೆ ಅಂತ ಬೇರೆ ಬೇರೆ ಕೇಳಿಸಲು ಶುರುವಾಗುತ್ತದೆ. ಮೊದಲ ಹಾಡೇ ಹತ್ತೂವರೆ ನಿಮಿಷ ಇದೆ, ಅವಸರ ಬೇಡ.

ಹಾಸನ್_ರಿಫ್
ಅಣ್ಣ ಹೇಳದೆ ಬಿಟ್ಟಿದ್ದು: ಕಂಪನಿಗೇ ಬೇಡವಾಗಿದ್ದ ಈ ಆಲ್ಬಂ 2020ರಲ್ಲಿ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದ ಶಾಶ್ವತ ಪ್ರದರ್ಶನಕ್ಕೆ ಸೇರಿತು. ಗಿಟಾರಿಸ್ಟ್ ಜೆಫಿರಸ್ ಮುಖಕ್ಕೆ ಬಣ್ಣ ಬಳಿದುಕೊಂಡಿರುವ ಆ ಕಪ್ಪು ಬಿಳುಪು ಕವರ್ ಈಗ ದೇಶದ ಹಳೆಯ ಗ್ರಂಥಗಳ ಜೊತೆ ಇದೆ.

ಮೈಸೂರು_ಡ್ರಮ್ಸ್
ಅಣ್ಣ, ನಿನ್ನೆ ರಾತ್ರಿ ಲೈಟ್ ಆರಿಸಿ ಪೂರ್ತಿ 42 ನಿಮಿಷ ಕೇಳಿದೆ. ವಾಲ್ಯೂಮ್ ಕಡಿಮೆ ಮಾಡಿದ ಮೇಲೆ ಡ್ರಮ್ಸ್ ಬಿಡಿಬಿಡಿಯಾಗಿ ಸಿಕ್ಕಿತು. ಪ್ರತಿ ಏಟೂ ಒಂದೇ ಥರ ಇಲ್ಲ, ಕೈ ಸೋತಿದ್ದೂ ಗೊತ್ತಾಗುತ್ತದೆ. ನಾನು ತಾಳ ತಪ್ಪದ ಹಾಗೆ ಟಿಕ್ ಟಿಕ್ ಅನ್ನುವ ಕ್ಲಿಕ್ ಹಾಕಿಕೊಂಡೇ ಅಭ್ಯಾಸ ಮಾಡುವವನು, ಇವತ್ತು ಬೆಳಿಗ್ಗೆ ಅದಿಲ್ಲದೆ ನುಡಿಸಿದೆ. ಮುಂದೆ ಯಾವುದು ಕೇಳಲಿ?

ಸಾಗರದ_ಮಳೆ
1993ರ ‘ಅಂಡರ್ ಎ ಫ್ಯೂನರಲ್ ಮೂನ್’. ಅದಕ್ಕೂ ಮೊದಲು ‘ಗೋಟ್‌ಲಾರ್ಡ್’ ಕೇಳಿ. ಪಕ್ಕಕ್ಕಿಟ್ಟ ಡೆತ್ ಮೆಟಲ್ ಹಾಡುಗಳು ಅಂದೆನಲ್ಲ, ಅವೇ ಅವು. ರಿಹರ್ಸಲ್ ಟೇಪ್‌ಗೆ ಆಮೇಲೆ ಫೆನ್‌ರಿಜ್ ದನಿ ಸೇರಿಸಿ 1996ರಲ್ಲಿ ಹೊರಬಂತು. ಏನನ್ನು ಬಿಟ್ಟು ಬಂದರು ಅಂತ ಅದರಲ್ಲಿ ಗೊತ್ತಾಗುತ್ತದೆ.