ಚಿಪ್ ಕಾರ್ಡಿನ ಕ್ರಿಪ್ಟೋಗ್ರಾಮ್: 'ಗೂಢಲಿಪಿ' ಸರಿಯೇ?

ಎಲ್ಲರಿಗೂ ನಮಸ್ಕಾರ.

ಜಯನಗರದ ಹಿರಿಯರ ಕೂಟವೊಂದಕ್ಕೆ ಚಿಪ್ ಕಾರ್ಡ್ ಬಗ್ಗೆ ಕರಪತ್ರ ಬರೆಯುತ್ತಿದ್ದೇನೆ. ಪಿನ್, ಚಿಪ್, ಟ್ಯಾಪ್ ಎಲ್ಲ ಹಾಗೇ ಇಟ್ಟಿದ್ದೇನೆ, ಅವು ಎಲ್ಲರ ಬಾಯಲ್ಲೂ ಇವೆ. ತೊಡಕು ಬಂದಿರುವುದು ಕ್ರಿಪ್ಟೋಗ್ರಾಮ್, ಅಂದರೆ ಕಾರ್ಡ್ ಅಸಲಿ ಎಂದು ತೋರಿಸಲು ಚಿಪ್ ಪ್ರತಿ ವಹಿವಾಟಿಗೂ ಹೊಸದಾಗಿ ಲೆಕ್ಕ ಹಾಕಿ ಕೊಡುವ ಉತ್ತರ, ಅದಕ್ಕೆ ಕನ್ನಡ ಪದ ಹುಡುಕುವಾಗ. 'ಗೂಢಲಿಪಿ' ಎನ್ನಲು ನನಗೆ ಮನಸ್ಸಿಲ್ಲ.

ಅದರ ಕೆಲಸ ಹೀಗೆ. ಹಳೆಯ ಕಾರ್ಡಿನ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಬದಲಾಗುವುದೇ ಇಲ್ಲ. ಕದ್ದು ಓದಿಕೊಂಡವರು ಅದನ್ನು ಇನ್ನೊಂದು ಕಾರ್ಡಿಗೆ ಇಳಿಸಬಹುದಿತ್ತು. ಇಂಥ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಾಯಿಸಿ ಚಿಪ್ ಕಾರ್ಡ್ ಕೊಡಿ ಎಂದು ರಿಸರ್ವ್ ಬ್ಯಾಂಕು ಹೇಳಿತ್ತು. ಚಿಪ್ಪಿನಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ, ಅದನ್ನು ಅಂಗಡಿಯ ಯಂತ್ರಕ್ಕೂ ತೋರಿಸುವುದಿಲ್ಲ. ಯಂತ್ರವು ಮೊತ್ತ, ದಿನಾಂಕ ಮತ್ತು ಆಗಷ್ಟೇ ಹುಟ್ಟಿಸಿದ ಒಂದು ಸಂಖ್ಯೆಯನ್ನು ಚಿಪ್ಪಿಗೆ ಕೊಡುತ್ತದೆ. ಚಿಪ್ ತಾನು ಇಟ್ಟುಕೊಂಡಿರುವ ವಹಿವಾಟಿನ ಎಣಿಕೆಯನ್ನೂ ಸೇರಿಸಿ, ಕೀಲಿಯಿಂದ ಲೆಕ್ಕ ಹಾಕಿ, 8 ಬೈಟಿನ ಉತ್ತರ ಕೊಡುತ್ತದೆ. ಅದೇ ಕ್ರಿಪ್ಟೋಗ್ರಾಮ್. ಬ್ಯಾಂಕಿಗೂ ಆ ಕೀಲಿ ಗೊತ್ತು, ಅಲ್ಲೂ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಮುಂದಿನ ಸಲ ಎಣಿಕೆ ಮುಂದೆ ಹೋಗಿರುತ್ತದೆ, ಹಳೇ ಉತ್ತರ ನಡೆಯುವುದಿಲ್ಲ.

ಇದರಲ್ಲಿ ಗೂಢ ಬರಹ ಎಲ್ಲಿದೆ? ಗೂಢಲಿಪಿ ಅಂದರೆ ಯಾರೋ ಅದನ್ನು ಬಿಡಿಸಿ ಓದಬೇಕು ಅನಿಸುತ್ತದೆ ಅಲ್ವಾ. ಇದನ್ನು ಯಾರೂ ಬಿಡಿಸಿ ಓದುವುದಿಲ್ಲ.

'ಮುದ್ರೆ' ಚೆನ್ನಾಗಿತ್ತು, ಆದರೆ ಒಂದೇ ಮುದ್ರೆಯನ್ನು ಎಷ್ಟು ಕಾಗದಕ್ಕೆ ಬೇಕಾದರೂ ಒತ್ತಬಹುದು. 'ಅಂಕಿತ'ಕ್ಕೂ ಅದೇ ತೊಂದರೆ. 'ಸಹಿ' ಎನ್ನೋಣವೆಂದರೆ ಅದು ಡಿಜಿಟಲ್ ಸಹಿಗೆ ಹೋಗಿಬಿಟ್ಟಿದೆ. ಅದೇ ಬೇರೆ, ಅಲ್ಲಿ ಪರೀಕ್ಷಿಸುವವರ ಹತ್ತಿರ ಗುಟ್ಟಿನ ಕೀಲಿ ಇರಬೇಕಾಗಿಲ್ಲ.

ಕೊನೆಗೆ 'ವಹಿವಾಟಿನ ರುಜುವಾತು' ಎಂದು ಬರೆದುಕೊಂಡಿದ್ದೇನೆ. ಸ್ವಲ್ಪ ಕೋರ್ಟು ಕಚೇರಿಯ ವಾಸನೆ ಇದೆ, ಇರಲಿ. ಹಿರಿಯರಿಗೆ ಗೊತ್ತಿರುವ ಪದ. ತೊಂದರೆ ಇಷ್ಟೇ: ಕೆಲವು ಕಡೆ ಕಂಪ್ಯೂಟರ್ ಕನ್ನಡದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್‌ಗೂ 'ರುಜುವಾತುಗಳು' ಅನ್ನುತ್ತಾರೆ. ಗೊಂದಲ ಆದೀತೇ? ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಹೇಳಿ.

ಜೊತೆಗೆ ಇನ್ನೊಂದು. ಚಿಪ್ ಬಂದು ಇಷ್ಟು ವರ್ಷವಾದರೂ ಗಾಂಧಿ ಬಜಾರಿನಲ್ಲಿ 'ಕಾರ್ಡ್ ಉಜ್ಜಲಾ ಸಾರ್' ಎಂದೇ ಕೇಳುತ್ತಾರೆ. ನನಗಂತೂ ಇಷ್ಟ. ಕರಪತ್ರದಲ್ಲಿ ಚಿಪ್ ಕಾರ್ಡಿಗೂ 'ಉಜ್ಜು' ಎಂದೇ ಬರೆಯಲೇ, ಇಲ್ಲ 'ತೂರಿಸಿ', 'ತಾಗಿಸಿ' ಎಂದು ಬೇರೆ ಮಾಡಲೇ?