ಆಯಿಲ್ ಫಿಲ್ಟರಿಗೂ ಒಂದು ಟೆಂಡರ್

ಶಿರಸಿ ಕಡೆಯವರಿಗೆ ಯಾವ ವಸ್ತುವನ್ನೂ ಸುಮ್ನೆ ಕೈಯಲ್ಲಿ ಹಿಡಿದು ಗೊತ್ತಿಲ್ಲ. ಎತ್ತಿ ತೂಕ ನೋಡಬೇಕು, ಕಿವಿ ಹತ್ತಿರ ಅಲ್ಲಾಡಿಸಬೇಕು, ಒಮ್ಮೆ ಮೂಸಬೇಕು, ಆಮೇಲೆ "ಹ್ಞೂಂ, ಅಡ್ಡಿಲ್ಲೆ" ಎನ್ನಬೇಕು. ಅಡಿಕೆ ಟೆಂಡರಿನಲ್ಲಿ ರಾಶಿ ನೋಡಿ ದರ ಹಾಕುವುದು ಕಲಿಸಿದ ಚಾಳಿ. ಮಿಕ್ಸಿ ಕೊಂಡರೂ ಹೀಗೇ, ಮೊಬೈಲ್ ಕೊಂಡರೂ ಹೀಗೇ. ಹಾಗಾಗಿ ನಾಯ್ಕರ ಗ್ಯಾರೇಜಿನಲ್ಲಿ ನಮ್ಮ ಹೆಗಡೆ ಭಾವ ತನ್ನ ಓಮ್ನಿಗೆ ತಂದ ಹೊಸ ಆಯಿಲ್ ಫಿಲ್ಟರನ್ನು ಡಬ್ಬದಿಂದ ತೆಗೆದು ಕಿವಿಗೆ ಹಿಡಿದಾಗ ಯಾರೂ ಬೆರಗಾಗಲಿಲ್ಲ.

ಹೊರಗೆ ಜೋರು ಮಳೆ. ಓಮ್ನಿ ಜಾಕ್ ಮೇಲೆ ನಿಂತಿತ್ತು. ಹಳೇ ಆಯಿಲ್ ಚೇಂಬರಿನಿಂದ ಬಕೆಟ್ಟಿಗೆ ನೂಲಿನ ಹಾಗೆ ಇಳಿಯುತ್ತಿತ್ತು. ಅದು ಪೂರ್ತಿ ಇಳಿಯುವ ತನಕ ಯಾರಿಗೂ ಕೆಲಸವಿಲ್ಲ.

"ಗಡಗಡ ಅನ್ನುತ್ತಿದೆ. ಚಲೋ ಒಣಗಿದೆ," ಎಂದ ಭಾವ.

"ಹೆಗಡೇರೇ, ಅದು ಒಣಗಿಸಿದ ಚಾಲಿ ಅಡಿಕೆ ಅಲ್ಲ," ಎಂದರು ನಾಯ್ಕರು, ಸ್ಪ್ಯಾನರ್ ಒರೆಸುತ್ತಾ. "ಅಡಿಕೆ ಗಡಗಡ ಅಂದರೆ ಲಾಭ. ಫಿಲ್ಟರ್ ಗಡಗಡ ಅಂದರೆ ಲುಕ್ಸಾನು. ಒಳಗೆ ಮಡಿಕೆ ಮಡಿಕೆ ಮಾಡಿದ ಕಾಗದ ಸುತ್ತಿ ಇಟ್ಟಿರುತ್ತಾರೆ. ಅದನ್ನು ಹಿಂದಿನಿಂದ ಒಂದು ಸ್ಪ್ರಿಂಗ್ ಒತ್ತಿ ಹಿಡಿಯಬೇಕು. ಒತ್ತಲಿಲ್ಲ ಅಂದರೆ ಆಯಿಲ್ ಕಾಗದದ ಉಸಾಬರಿಯೇ ಬೇಡ ಅಂತ ಸಂದಿಯಲ್ಲಿ ನುಸುಳಿ ಸೀದಾ ಎಂಜಿನ್ನಿಗೆ ಹೋಗುತ್ತದೆ."

"ಆದರೆ ತೂಕ ಇದೆ ಮಾರಾಯ್ರೇ."

"ತೂಕ ತಗಡಿನದು. ಸೋಸುವುದು ತಗಡಲ್ಲ."

ಕಾರವಾರದಿಂದ ಬಂದಿದ್ದ ಶೇಟರು ಇಲ್ಲಿ ಬಾಯಿ ಹಾಕಿದರು. ಅವರಿಗೆ ಪ್ರಪಂಚದಲ್ಲಿ ಇರುವುದು ಒಂದೇ ವೈರಿ, ತುಕ್ಕು. ಸಮುದ್ರದ ಗಾಳಿಗೆ ಅವರ ಮನೆಯ ಗೇಟು, ಕಿಟಕಿ ಸರಳು, ಸ್ಕೂಟರಿನ ಸ್ಟ್ಯಾಂಡು ಎಲ್ಲಾ ಹೋಗಿವೆ. "ನೀವು ಒಳಗಿನದು ಬಿಡಿ. ಪೇಂಟ್ ನೋಡಿ. ಉಗುರಿನಲ್ಲಿ ಕೆರೆದರೆ ಏಳಬಾರದು. ನಮ್ಮಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ಫಿಲ್ಟರ್ ಕೆಂಪಾಗುತ್ತದೆ," ಎಂದು ಕೆರೆದೇ ಬಿಟ್ಟರು. ಪೇಂಟ್ ಏಳಲಿಲ್ಲ. ಶೇಟರ ಮಟ್ಟಿಗೆ ಫಿಲ್ಟರ್ ಪಾಸು. ನಾವು ನಕ್ಕೆವು. ಕರಾವಳಿಯ ಮಟ್ಟಿಗೆ ಅದೂ ಸುಳ್ಳಲ್ಲ ಬಿಡಿ. ಹೊರಗಿನ ತಗಡೇ ತೂತಾದರೆ ಒಳಗಿನ ಕಾಗದ ಎಷ್ಟು ಒಳ್ಳೇದಿದ್ದು ಏನು?

ಇಷ್ಟು ಹೊತ್ತು ಮಾಸ್ತರು ಸುಮ್ಮನಿದ್ದರು. ವಿಜ್ಞಾನ ಕಲಿಸಿ ರಿಟೈರ್ ಆದವರು ಸುಮ್ಮನಿದ್ದಾರೆ ಅಂದರೆ ಪಾಠ ತಯಾರಾಗುತ್ತಿದೆ ಎಂದೇ ಲೆಕ್ಕ.

"ಕಾರಿನ ಆಯಿಲ್ ಫಿಲ್ಟರಿಗೆ ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್, ಜಾರ್ಜ್ ಗ್ರೀನ್‌ಹಾಲ್ಗ್ ಅಂತ ಇಬ್ಬರು ಪೇಟೆಂಟಿಗೆ ಅರ್ಜಿ ಹಾಕಿದ್ದು 1923ರಲ್ಲಿ," ಎಂದು ಶುರುಮಾಡಿದರು. "ಹೀಗೆ ಡಬ್ಬವನ್ನೇ ತಿರುಗಿಸಿ ಕೂರಿಸುವ, ಮುಗಿದ ಮೇಲೆ ಡಬ್ಬ ಸಮೇತ ಎಸೆಯುವ ಪದ್ಧತಿ ಬಂದದ್ದು 1954ರಲ್ಲಿ."

"1923 ಅಂದ್ರಾ? ನಮ್ಮ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೊಸೈಟಿ ಶುರುವಾದದ್ದೂ ಅದೇ ವರ್ಷ!" ಭಾವನಿಗೆ ಪರಮಾನಂದ. ಅಲ್ಲಿ ಅವರು ಆಯಿಲಿನ ಕಸ ಹಿಡಿಯಲು ಹೊರಟಾಗ ಇಲ್ಲಿ ನಾವು ದಲ್ಲಾಳಿಗಳನ್ನು ಸೋಸಲು ಹೊರಟಿದ್ದೆವು ಎಂದು ಒಂದು ಭಾಷಣವೇ ಆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾಸ್ತರು ಡಬ್ಬ ತಿರುಗಿಸಿ ಓದಿದರು. "ಇಲ್ಲಿ '10 ಮೈಕ್ರಾನ್' ಅಂತ ಮಾತ್ರ ಹಾಕಿದ್ದಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದಕ್ಕೆ ಅರ್ಥವೇ ಇಲ್ಲ. 10 ಮೈಕ್ರಾನಿನ ಕಸ ನೂರು ಬಂದರೆ ಎಷ್ಟನ್ನು ಹಿಡಿಯುತ್ತದೆ? ಐವತ್ತೋ, ತೊಂಬತ್ತೊಂಬತ್ತೋ? ಅದು ಹೇಳಬೇಕು. ಅದಕ್ಕಂತಲೇ ಐಎಸ್ಒ 4548-12 ಅಂತ ಒಂದು ಪರೀಕ್ಷೆ ಇದೆ. ಧೂಳು ಬೆರೆಸಿದ ಆಯಿಲನ್ನು ಫಿಲ್ಟರಿನಲ್ಲಿ ಸುತ್ತಿ ಸುತ್ತಿ ಹರಿಸುತ್ತಾರೆ. ಒಳಗೆ ಹೋಗುವಾಗ ಎಷ್ಟು ಕಣ, ಹೊರಗೆ ಬರುವಾಗ ಎಷ್ಟು ಅಂತ ಎಣಿಸುತ್ತಾರೆ. 75 ಹೋಗಿ ಒಂದು ಮಾತ್ರ ಹೊರಗೆ ಬಂದರೆ ಬೀಟಾ 75. ಅಂದರೆ ನೂರಕ್ಕೆ 98.7."

"ಅದನ್ನು ಕಣ್ಣಲ್ಲೇ ನೋಡಿ ಹೇಳಲು ಬರುವುದಿಲ್ಲವಾ?" ಕೇಳಿದರು ಶೇಟರು.

"ಕಣ್ಣಿಗೆ ಕಾಣುವುದು ಸುಮಾರು 40 ಮೈಕ್ರಾನಿನ ತನಕ. ಬೇರಿಂಗ್ ತಿನ್ನುವುದು ಅದಕ್ಕಿಂತ ಎಷ್ಟೋ ಸಣ್ಣ ಕಣ. ನೀವು ಏನನ್ನು ನೋಡುತ್ತೀರಿ?"

ಶೇಟರು ಪೇಂಟನ್ನೇ ಇನ್ನೊಮ್ಮೆ ನೋಡಿದರು.

ನಾಯ್ಕರಿಗೆ ಈ ಬೀಟಾ ಗೀಟಾ ಆಗುವುದಿಲ್ಲ. ಆದರೆ ಗಿರಾಕಿ ಕೈಯಲ್ಲಿ ಲ್ಯಾಬ್ ಇರುವುದಿಲ್ಲ, ಬ್ಯಾಟರಿ ದೀಪ ಇರುತ್ತದೆ ಎಂಬುದು ಅವರ ವಾದ. ಫಿಲ್ಟರನ್ನು ತೂತಿನ ಬದಿ ಮೇಲೆ ಬರುವಂತೆ ಹಿಡಿದು ಬ್ಯಾಟರಿ ಬಿಟ್ಟರು. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಸುತ್ತಲ ತೂತಿನಿಂದ ಆಯಿಲ್ ಒಳಗೆ, ಕಾಗದ ದಾಟಿ ನಡುವಿನಿಂದ ಹೊರಗೆ.

"ಮೊದಲು ಥ್ರೆಡ್ಡಿಗೆ ಬೆರಳು ಹಾಕಿ. ಚುಚ್ಚಬಾರದು. ತೂತಿನ ಅಂಚಿನಲ್ಲಿ ಕಬ್ಬಿಣದ ಚೂರು ನೇತಾಡುತ್ತಿದ್ದರೆ ಹಾಗೇ ವಾಪಸ್ ಕೊಡಿ. ಯಾಕಂದರೆ ನಡುವಿನ ತೂತಿನ ಚೂರು ಸೋಸಿದ ಮೇಲಿನ ಜಾಗದ್ದು. ಅದನ್ನು ತಡೆಯುವವರು ಮುಂದೆ ಯಾರೂ ಇಲ್ಲ. ಆಮೇಲೆ ಈ ದೊಡ್ಡ ರಬ್ಬರ್ ರಿಂಗ್. ಗಾಳಿಯಲ್ಲಿ ಸರಿಯಾಗಿ ಕೂತಿರಬೇಕು, ಎಲ್ಲೂ ಉಬ್ಬಿರಬಾರದು."

ಗಾಳಿ ಎಂದರೆ ರಿಂಗ್ ಕೂರುವ ಕಾಲುವೆ, ನಾಯ್ಕರ ಗ್ಯಾರೇಜಿನ ಭಾಷೆ.

ಆಮೇಲೆ ಒಂದು ಹಿಡಿಕಡ್ಡಿ ಮುರಿದು ಸಣ್ಣ ತೂತಿನೊಳಗೆ ಮೆಲ್ಲಗೆ ಒತ್ತಿದರು. ಒಳಗೆ ಕಿತ್ತಳೆ ಬಣ್ಣದ ರಬ್ಬರ್ ಬಗ್ಗಿತು, ಕಡ್ಡಿ ತೆಗೆದ ಕೂಡಲೆ ಎದ್ದು ಬಂತು. "ಇದು ವಾಲ್ವ್. ಎಂಜಿನ್ ಬಂದ್ ಮಾಡಿದಾಗ ಆಯಿಲ್ ವಾಪಸ್ ಚೇಂಬರಿಗೆ ಇಳಿಯದಂತೆ ಹಿಡಿಯುವುದು ಇದೇ. ಕಿತ್ತಳೆ ಇದ್ದರೆ ಹೆಚ್ಚಾಗಿ ಸಿಲಿಕೋನ್. ಕಪ್ಪಾದರೆ ನೈಟ್ರೈಲ್ ರಬ್ಬರ್. ಕಾವಿಗೆ ಕಪ್ಪು ಬೇಗ ಗಟ್ಟಿಯಾಗುತ್ತದೆ."

"ಬಣ್ಣ ಯಾರು ಬೇಕಾದರೂ ಹಾಕಬಹುದಲ್ಲ?" ಎಂದೆ.

"ಅದಕ್ಕೇ ಕಡ್ಡಿ ಹಾಕಿದ್ದು," ಎಂದರು.

ಅಷ್ಟರಲ್ಲಿ ಬಕೆಟ್ಟಿನ ಸದ್ದು ನಿಂತಿತು. ನಾಯ್ಕರು ಹಳೇ ಫಿಲ್ಟರ್ ಬಿಚ್ಚಿ ತಂದರು. ಅದನ್ನು ಕೊಯ್ದು ನೋಡೋಣ ಅಂತ ಹೇಳಿದ್ದು ಅವರೇ. ವಿಮಾನದ ಪಿಸ್ಟನ್ ಎಂಜಿನ್ನುಗಳಲ್ಲಿ ಆಯಿಲ್ ಬದಲಿಸುವಾಗ ಫಿಲ್ಟರ್ ಕೊಯ್ದು ನೋಡುವುದು ವಾಡಿಕೆ ಎಂದು ಮಾಸ್ತರು ಅನುಮೋದನೆ ಕೊಟ್ಟರು. ಭಾವ ಹೆಕ್ಸಾ ಬ್ಲೇಡ್ ಎತ್ತಿಕೊಂಡ. ನಾಯ್ಕರು ಕಿತ್ತುಕೊಂಡರು. ಬ್ಲೇಡಿನಲ್ಲಿ ಕೊಯ್ದರೆ ತಗಡಿನ ಪುಡಿ ಒಳಗೇ ಬೀಳುತ್ತದೆ, ಆಮೇಲೆ ಎಂಜಿನ್ ಸವೆದಿದೆ ಅಂತ ಬೊಬ್ಬೆ ಹೊಡೆಯುವುದು. ಪೈಪ್ ಕಟ್ಟರನ್ನು ಸುತ್ತ ತಿರುಗಿಸಿ ನೀಟಾಗಿ ಮುಚ್ಚಳ ತೆಗೆದರು.

ಕಾಗದ ಕಾಡಿಗೆಯಾಗಿತ್ತು. ಚಾಕುವಿನಿಂದ ಒಂದು ಭಾಗ ಕತ್ತರಿಸಿ, ಹಿಂಡಿ, ಬೆಳಕಿಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಮಿಣಿಮಿಣಿ. ಹಳೇ ಸ್ಪೀಕರಿನ ಅಯಸ್ಕಾಂತ ತಂದು ಆಡಿಸಿದರೆ ಸ್ವಲ್ಪ ಅಂಟಿತು. "ಇಷ್ಟು ಇದ್ದದ್ದೇ. ಅಂಟದ ಹೊಳಪು ಜಾಸ್ತಿ ಇದ್ದರೆ ಹೆದರಿಕೆ. ಬೇರಿಂಗಿನ ಲೋಹ ಅಯಸ್ಕಾಂತಕ್ಕೆ ಬರುವುದಿಲ್ಲ."

ಆ ಫಿಲ್ಟರಿನ ವಾಲ್ವ್ ಮಾತ್ರ ಒತ್ತಿದರೆ ಬಗ್ಗಲೇ ಇಲ್ಲ. ರಬ್ಬರ್ ಹೋಗಿ ಪ್ಲಾಸ್ಟಿಕ್ ಆಗಿತ್ತು. ಓಮ್ನಿ ಬೆಳಿಗ್ಗೆ ಎದ್ದ ಕೂಡಲೆ ಕಟಕಟ ಎನ್ನುವುದು ಶಿರಸಿಯ ಚಳಿಗೆ ಎಂದು ಭಾವ ಊರಿಗೆಲ್ಲಾ ಹೇಳಿಕೊಂಡು ತಿರುಗಿದ್ದ. ರಾತ್ರಿಯೆಲ್ಲಾ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಅದು ಮತ್ತೆ ಮೇಲೆ ಬರುವ ತನಕ ಎಂಜಿನ್ ಒಣಗಿದ ಬಾಯಲ್ಲೇ ತಿರುಗುತ್ತಿತ್ತು ಎಂದು ನಾಯ್ಕರ ತೀರ್ಪು.

"ಹಾಗಾದರೆ ಹೊಸದು ಹೇಗಿದೆ ನೋಡಬೇಕಲ್ಲ," ಎಂದ ಭಾವ.

ನಾಯ್ಕರಿಗೆ ಅದೇ ಹೊತ್ತಿಗೆ ಫೋನ್ ಬಂತು. ದೇವಿಮನೆ ಘಾಟಿಯಲ್ಲಿ ಯಾರದೋ ಗಾಡಿ ಬಿಸಿಯಾಗಿ ನಿಂತಿತ್ತಂತೆ. ಅವರು ಮಾತಾಡುತ್ತಾ ಬಾಗಿಲಿಗೆ ಹೋದರು. ಇತ್ತ ಭಾವ ಪೈಪ್ ಕಟ್ಟರಿಗೆ ಕೈ ಹಾಕಿದ. ಮಾಸ್ತರು ತಡೆಯಬೇಕಿತ್ತು. ತಡೆಯಲಿಲ್ಲ. ಫಿಲ್ಟರ್ ಬಿಗಿಯಾಗಿ ಹಿಡಿದುಕೊಂಡರು. ಶೇಟರು ಬ್ಯಾಟರಿ ಬಿಟ್ಟರು. ಅಡಿಕೆಯನ್ನು ಒಡೆಯದೆ ದರ ಹೇಳುವುದುಂಟೇ ಎಂಬುದು ಭಾವನ ಕಡೇ ಮಾತು. ಕಟ್ಟರ್ ಒಮ್ಮೆ ಕಿರ್ ಎಂದಿತು, ಮತ್ತೆ ಕಟ್ ಎಂದಿತು, ಮುಚ್ಚಳ ಹೇಗೋ ಬಂತು.

"ರಟ್ಟು! ತುದಿಗೆ ರಟ್ಟು ಹಾಕಿದ್ದಾರೆ! ಮೋಸ!"

ಕಾಗದದ ಎರಡೂ ತುದಿಗೆ ಇರುವ ಬಿಲ್ಲೆ ತಗಡಿನದಲ್ಲ, ದಪ್ಪ ರಟ್ಟಿನದು. ಮಾಸ್ತರು ಸಮಾಧಾನ ಮಾಡಿದರು. ಹೆಸರಾಂತ ಕಂಪನಿಗಳೂ ರಟ್ಟು ಹಾಕುತ್ತವೆ, ಬಿಲ್ಲೆಯ ಕೆಲಸ ಸೋಸುವುದಲ್ಲ, ಮುಚ್ಚುವುದು. ಅಂಟು ಪೂರ್ತಿ ಹಿಡಿದಿದೆಯಾ ಎಂಬುದೇ ಪ್ರಶ್ನೆ. ಆಮೇಲೆ ಮಡಿಕೆ ಎಣಿಸುವ ಕಾರ್ಯಕ್ರಮ. ಭಾವನಿಗೆ 49 ಸಿಕ್ಕಿತು, ಮಾಸ್ತರರಿಗೆ 52. ಎರಡನೇ ಸಲ ಇಬ್ಬರೂ ಬದಲಾಯಿಸಿಕೊಂಡರು. ಮಡಿಕೆ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೇದು ಅಂತ ಏನೂ ಇಲ್ಲ. ಮಡಿಕೆ ಎಷ್ಟು ಆಳ, ಎಷ್ಟು ಎತ್ತರ ಎಂಬುದೂ ಸೇರಿಯೇ ಕಾಗದದ ಲೆಕ್ಕ. ತೀರಾ ಒತ್ತೊತ್ತಾಗಿ ತುಂಬಿದರೆ ಮಡಿಕೆಗಳ ನಡುವೆ ಆಯಿಲ್ ಹೋಗಲು ಜಾಗವೇ ಇರುವುದಿಲ್ಲ. ಆದರೂ ಎಣಿಸಿದರು. ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಎಣಿಸುತ್ತಾರೆ ಎಂದು ನನ್ನ ಅನುಮಾನ.

ನಿಜವಾದ ರೋಗ ಸಿಕ್ಕಿದ್ದು ಶೇಟರಿಗೆ. ಪೇಂಟಿನ ಶೇಟರಿಗೆ! ಕಾಗದ ಸುತ್ತು ಮುಗಿದು ತುದಿಗೆ ತುದಿ ಸೇರುವಲ್ಲಿ ಬ್ಯಾಟರಿಯ ಬೆಳಕು ಆಚೆ ಬರುತ್ತಿತ್ತು. ಅದೇ ಹಿಡಿಕಡ್ಡಿ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಅಲ್ಲಿ ಅಂಟೇ ಬಿದ್ದಿರಲಿಲ್ಲ. 10 ಮೈಕ್ರಾನ್ ಬಿಡಿ, ಗಸಗಸೆ ದಾಟುವಷ್ಟು ದಾರಿ. ಸ್ಪ್ರಿಂಗೂ ಸಡಿಲ.

ನಾಯ್ಕರು ಒಳಗೆ ಬಂದರು. ಮೇಜಿನ ಮೇಲೆ ಎರಡು ಫಿಲ್ಟರ್, ಎರಡೂ ತೆರೆದು ಮಲಗಿದ್ದವು. ಗಾಡಿಯಲ್ಲಿ ಒಂದೂ ಇಲ್ಲ.

"ಹೊಸದೂ ಕೊಯ್ದಿರಾ?"

"ಕೊಯ್ದದ್ದು ಒಳ್ಳೇದೇ ಆಯ್ತಲ್ಲ? ಅಂಟಿಲ್ಲ ನೋಡಿ," ಎಂದ ಭಾವ, ಗೆದ್ದವನ ಹಾಗೆ.

"ಕೊಯ್ಯದಿದ್ದರೆ ಗೊತ್ತಾಗುತ್ತಿರಲಿಲ್ಲ, ಸರಿ. ಈಗ ಕೊಯ್ದಾಗಿದೆ. ಏನನ್ನು ಹಾಕಲಿ? ಅಂಗಡಿಯವನು ಎಂಆರ್‌ಪಿ ಮೇಲೆ ಅರ್ಧಕ್ಕರ್ಧ ಬಿಟ್ಟಾಗಲೇ ಅನುಮಾನ ಬರಬೇಕಿತ್ತು."

"ಇದನ್ನು ವಾಪಸ್ ಕೊಡುತ್ತೇನೆ."

"ಈ ಅವಸ್ಥೆಯಲ್ಲಾ?"

ಭಾವ ಮುಚ್ಚಳವನ್ನು ಒಮ್ಮೆ ಮೇಲೆ ಇಟ್ಟು ನೋಡಿದ. ಕೂರಲಿಲ್ಲ.

ನಾಯ್ಕರು ರೇನ್‌ಕೋಟ್ ಹಾಕಿಕೊಂಡು ಮಳೆಯಲ್ಲೇ ಬೈಕ್ ಹತ್ತಿದರು. ವಾಪಸ್ ಬಂದಾಗ ಫಿಲ್ಟರ್ ರೇನ್‌ಕೋಟಿನ ಒಳಗೆ ಇತ್ತು, ಡಬ್ಬ ಇರಲಿಲ್ಲ. ಯಾರ ಕೈಗೂ ಕೊಡಲಿಲ್ಲ. ಎಂಜಿನ್ನಿನ ಮುಖಕ್ಕೆ ಬೆರಳಾಡಿಸಿ ಹಳೇ ರಿಂಗ್ ಅಂಟಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಎರಡು ರಿಂಗ್ ಕೂತರೆ ಅಷ್ಟೂ ಆಯಿಲ್ ರಸ್ತೆಗೆ. ಹೊಸ ರಿಂಗಿಗೆ ಒಂದು ಬೆರಳು ಆಯಿಲ್ ಸವರಿದರು. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಸ್ಪ್ಯಾನರ್ ಮುಟ್ಟಲಿಲ್ಲ.

"ಯಾವ ಕಂಪನಿದು?" ಕೇಳಿದ ಭಾವ.

"ಕಟಕಟ ಅಂದರೆ ಹೇಳುತ್ತೇನೆ."

ಆಯಿಲ್ ಹಾಕಿ ಸ್ಟಾರ್ಟ್ ಮಾಡಿದರು. ಆಯಿಲ್ ಒತ್ತಡದ ಕೆಂಪು ದೀಪ ಎರಡು ಕ್ಷಣ ಉರಿದು ಆರಿತು. ಕೆಳಗೆ ತೊಟ್ಟು ಆಯಿಲಿಲ್ಲ.

ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಮಜೂರಿ ಆದ ಮೇಲೆ ಇನ್ನೊಂದು ಸಾಲಿತ್ತು: ಪೈಪ್ ಕಟ್ಟರ್ ಬ್ಲೇಡ್, ಒಂದು. ಭಾವ ಸ್ಟೂಲ್ ಎಳೆದುಕೊಂಡು ಚೌಕಾಶಿಗೆ ಕುಳಿತ. ಮಾಸ್ತರು ಇನ್ನೊಂದು ಸುತ್ತು ಚಹಾ ಹೇಳಿದರು.