ಮಗನನ್ನು ಮಾತ್ರ ಕರೆಯಬೇಡ ಎಂದುಕೊಳ್ಳುತ್ತ ದೈವಕರೆಗಾಗಿ ಪ್ರಾರ್ಥಿಸಬಹುದೇ?

ಪ್ರಶ್ನೆ: ಕಾರ್ಕಳದ ತಾಯಿ

ನಮ್ಮ ಮನೆಯಲ್ಲಿ ಪ್ರತಿ ಸಂಜೆ ಜಪಸರ ಮುಗಿದ ಬಳಿಕ, ಕಥೋಲಿಕ ಧರ್ಮಸಭೆಗೆ ಗುರುಗಳೂ (ಪಾದ್ರಿಗಳೂ) ಧರ್ಮಭಗಿನಿಯರೂ ಸಿಗಲೆಂದು, ಅಂದರೆ ದೇವರು ಮಕ್ಕಳನ್ನು ಆ ಸೇವೆಗೆ ಕರೆಯುವ ದೈವಕರೆಗಾಗಿ, ಒಂದು ಪ್ರಾರ್ಥನೆ ಹೇಳುವುದು ಅತ್ತೆಯವರ ಕಾಲದಿಂದ ಬಂದ ರೂಢಿ. ಹತ್ತನೆಯ ತರಗತಿ ಮುಗಿಸಿದ ನಮ್ಮ ಒಬ್ಬನೇ ಮಗ ಕಳೆದ ತಿಂಗಳು ದೈವಕರೆ ಶಿಬಿರಕ್ಕೆ ಹೋಗಿ ಬಂದವನು, ಗುರುಗಳಾಗಲು ತರಬೇತಿ ಕೊಡುವ ಗುರುಮಠ ಸೇರುವ ಮಾತೆತ್ತಿದ್ದಾನೆ. ಅಂದಿನಿಂದ ಆ ಪ್ರಾರ್ಥನೆಯ ಹೊತ್ತಿಗೆ ನನ್ನ ನಾಲಿಗೆ ತಡವರಿಸುತ್ತದೆ. ಇಷ್ಟು ವರ್ಷ ನಾನು ದೇವರಲ್ಲಿ ಬೇಡಿದ್ದು ಬೇರೆ ಮನೆಯ ಮಕ್ಕಳನ್ನು ಎಂಬುದು ಈಗ ತಿಳಿದು ನಾಚಿಕೆಯಾಗುತ್ತಿದೆ. ಇಂಥ ಮನಸ್ಸಿನಿಂದ ಪ್ರಾರ್ಥಿಸುವುದು ಕಪಟವಾಗುವುದಿಲ್ಲವೇ?

ಉತ್ತರ: ನಿವೃತ್ತ ಧರ್ಮೋಪದೇಶಕ, ಚಿಕ್ಕಮಗಳೂರು

ಸಹೋದರಿ, ಸಂತ ಮತ್ತಾಯರ ಶುಭಸಂದೇಶದ 9ನೇ ಅಧ್ಯಾಯದ ಕೊನೆಯಲ್ಲಿ, ಕುರುಬನಿಲ್ಲದ ಕುರಿಗಳಂತಿದ್ದ ಜನರನ್ನು ಕಂಡು ಮರುಗಿದ ಯೇಸು, ಕೊಯ್ಲಿಗೆ ಆಳುಗಳನ್ನು ಕಳುಹಿಸುವಂತೆ ಬೆಳೆಯ ಯಜಮಾನನನ್ನು ಬೇಡಿಕೊಳ್ಳಿರಿ ಎಂದು ಶಿಷ್ಯರಿಗೆ ಹೇಳುತ್ತಾರೆ. ಪುಟ ತಿರುವಿದರೆ 10ನೇ ಅಧ್ಯಾಯ. ಅಲ್ಲಿ ಕಳುಹಿಸಲ್ಪಡುವವರು ಅದೇ ಶಿಷ್ಯರು. ಬೇಡಿದವರ ಮನೆಬಾಗಿಲಿಗೇ ಉತ್ತರ ಬಂದು ನಿಲ್ಲುವುದು ಈ ಪ್ರಾರ್ಥನೆಯ ಸ್ವಭಾವವೆಂದು ನಾನು ನಂಬಿದ್ದೇನೆ. 1964ರಿಂದ ಉತ್ತಮ ಕುರಿಗಾಹಿಯ ಭಾನುವಾರ, ಅಂದರೆ ಈಗಿನ ಲೆಕ್ಕದಲ್ಲಿ ಪಾಸ್ಖಕಾಲದ (ಈಸ್ಟರ್ ಕಾಲದ) ನಾಲ್ಕನೆಯ ಭಾನುವಾರ, ಲೋಕದಾದ್ಯಂತ ದೈವಕರೆಗಾಗಿ ಪ್ರಾರ್ಥಿಸುತ್ತ ಬಂದಿದ್ದೇವೆ. ಆ ದಿನ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ನಿಮ್ಮ ಭಯವೇ ಇರುತ್ತದೆ, ಬಾಯಿಬಿಟ್ಟು ಹೇಳಿದವರು ನೀವು. ಇದು ಕಪಟವಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಪಿನಲ್ಲಿ ಯೇಸುಪ್ರಭು ಕೂಡ "ಈ ಪಾತ್ರೆ (ಈ ಯಾತನೆ) ನನ್ನಿಂದ ದೂರವಾಗಲಿ" ಎಂದು ಮೊದಲು ಬೇಡಿಕೊಂಡರಲ್ಲವೇ?

ಉತ್ತರ: ಗುರುವಿದ್ಯಾರ್ಥಿ, ಬೆಂಗಳೂರು

ನನ್ನ ತಾಯಿಯೂ ಮೊದಲ ವರ್ಷ ಅತ್ತಿದ್ದರು, ಆದ್ದರಿಂದ ಬರೆಯುತ್ತಿದ್ದೇನೆ. ಗುರುಮಠ ಸೇರಿದ ದಿನವೇ ಮಗ ಕೈಬಿಟ್ಟು ಹೋದಂತಲ್ಲ. ತತ್ವಶಾಸ್ತ್ರ ಮತ್ತು ದೇವತಾಶಾಸ್ತ್ರದ ಅಧ್ಯಯನಕ್ಕೇ ಕನಿಷ್ಠ ಆರು ವರ್ಷ ಬೇಕು, ಮತ್ತು ಆ ಅವಧಿಯುದ್ದಕ್ಕೂ ಕರೆ ನಿಜವೇ ಎಂದು ಅವನೂ ಧರ್ಮಸಭೆಯೂ ಪರೀಕ್ಷಿಸುತ್ತಲೇ ಇರುತ್ತಾರೆ. ಧರ್ಮಸಭೆಯ ಕಾನೂನಿನ 1026ನೇ ವಿಧಿ ಯಾರನ್ನೂ ಗುರುದೀಕ್ಷೆಗೆ ಬಲವಂತಪಡಿಸಕೂಡದು ಎನ್ನುತ್ತದೆ. ಅದೇ ವಿಧಿ, ಯೋಗ್ಯನಾದವನನ್ನು ಅದರಿಂದ ತಡೆಯುವುದನ್ನೂ ನಿಷೇಧಿಸುತ್ತದೆ. ತಾವು ಅವನನ್ನು ತಳ್ಳಬೇಕಾಗಿಲ್ಲ, ಹಿಡಿದಿಡಬೇಕಾಗಿಯೂ ಇಲ್ಲ.

ಉತ್ತರ: ಧರ್ಮಭಗಿನಿಯ ಅಕ್ಕ, ಮಂಗಳೂರು

ಇಟಲಿಯ ಲೂ ಎಂಬ ಹಳ್ಳಿಯಲ್ಲಿ 1881ರ ಸುಮಾರಿಗೆ ತಾಯಂದಿರು ಪ್ರತಿ ಮಂಗಳವಾರ ಚರ್ಚಿನಲ್ಲಿ ಪರಮಪ್ರಸಾದದ (ಬಲಿಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯ) ಮುಂದೆ ಸೇರಿ ದೈವಕರೆಗಾಗಿ ಪ್ರಾರ್ಥಿಸತೊಡಗಿದರು. ಆ ಚಿಕ್ಕ ಊರಿನಿಂದ ಮುನ್ನೂರಕ್ಕೂ ಹೆಚ್ಚು ಮಂದಿ ಗುರುಗಳೂ ಧರ್ಮಭಗಿನಿಯರೂ ಆದರೆಂದು ಹೇಳುತ್ತಾರೆ. ಸಲೇಸಿಯನ್ ಸಭೆಯನ್ನು ಸ್ಥಾಪಿಸಿದ ಡಾನ್ ಬಾಸ್ಕೋ ಅವರ ಮೂರನೆಯ ಉತ್ತರಾಧಿಕಾರಿ ಫಿಲಿಪ್ಪೋ ರಿನಾಲ್ಡಿ ಅಲ್ಲಿಯವರೇ. ನನ್ನನ್ನು ಮುಟ್ಟಿದ್ದು ಆ ಸಂಖ್ಯೆಯಲ್ಲ. ಆ ತಾಯಂದಿರು ತಮ್ಮ ಮಕ್ಕಳಲ್ಲೇ ಒಬ್ಬ ಗುರುವಾಗಲಿ ಎಂದು ಬೇಡಿದರು, ಅದಕ್ಕೆ ತಕ್ಕಂತೆ ಬಾಳುವ ಕೃಪೆಯನ್ನು ತಮಗಾಗಿ ಕೇಳಿಕೊಂಡರು. ಅಷ್ಟು ಧೈರ್ಯ ಇಂದೇ ಬರಬೇಕೆಂದಿಲ್ಲ ತಂಗಿ. ನನ್ನ ಒಡಹುಟ್ಟಿದ ತಂಗಿ ಧರ್ಮಭಗಿನಿಯರ ಮಠಕ್ಕೆ ಹೊರಟಾಗ ನಮ್ಮಮ್ಮ ಒಂದು ವರ್ಷ, "ಅವಳಿಗೆ ಯಾವುದು ಒಳ್ಳೆಯದೋ ಅದನ್ನು ನನಗೂ ತೋರಿಸು" ಎಂದಷ್ಟೇ ಹೇಳಿಕೊಳ್ಳುತ್ತಿದ್ದರು.

ಕಾರ್ಕಳದ ತಾಯಿ

ಎಲ್ಲರಿಗೂ ವಂದನೆಗಳು. ನನ್ನ ಭಯವನ್ನು ಮಗನಿಗೆ ಇದುವರೆಗೆ ಹೇಳಿರಲಿಲ್ಲ, ಇಂದು ಹೇಳುತ್ತೇನೆ. ಭಾನುವಾರ ಬಲಿಪೂಜೆಯ ನಂತರ ಇಬ್ಬರೂ ಧರ್ಮಕೇಂದ್ರದ ಗುರುಗಳನ್ನು ಕಾಣುತ್ತೇವೆ. ಪಿಯುಸಿ ಮುಗಿಸಿ ಸೇರಬಹುದೇ ಎಂಬುದನ್ನೂ ಅವರಲ್ಲಿ ಕೇಳಬೇಕಿದೆ.